ಹಬ್ಬಕ್ಕೆಂದು ನಾನು ಮುಚ್ಚಿದ ಪೈಪು

ಅಕ್ಕನಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಗೀಸರಿನ ಪೈಪು ಮುಚ್ಚಿದ್ದೇನೆ, ಸ್ವಿಚ್ ಆರಿಸು — ಇಷ್ಟೇ. ಹೇಳುವುದಕ್ಕೆ ಅವತ್ತು ಒಂದು ಗಂಟೆ ಸಮಯವಿತ್ತು. ಆಮೇಲೆ ಎಂಟು ವರ್ಷ ಸಿಕ್ಕಿತು. ಆಗಲೂ ಹೇಳಲಿಲ್ಲ.

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ನನಗೆ ಬರುವ ಅಕ್ಷರಗಳನ್ನೂ ಅಕ್ಕನೇ ಕೈ ಹಿಡಿದು ತಿದ್ದಿಸಿದ್ದು. ಅವಳು ಮದುವೆಯಾಗಿ ಸಿಂಗಾಪುರಕ್ಕೆ, ಕ್ಲೆಮೆಂಟಿಯ ಒಂದು ಫ್ಲಾಟಿಗೆ ಬಂದಳು. ಭಾವ ಇಂಜಿನಿಯರ್. ಇಲ್ಲಿ ಎತ್ತ ನೋಡಿದರೂ ಕಾಂಡೋಗಳು, ಅಂದರೆ ಉಳ್ಳವರ ಅಪಾರ್ಟ್ಮೆಂಟುಗಳು, ಏಳುತ್ತಿದ್ದ ಕಾಲ. ಅಕ್ಕ ಭಾವನ ಬೆನ್ನು ಬಿದ್ದು, ಮಂಡ್ಯದಲ್ಲಿ ಪೈಪಿನ ಕೆಲಸ ಮಾಡಿಕೊಂಡಿದ್ದ ನನ್ನನ್ನು ಕರೆಸಿ, ಇಲ್ಲೇ ಕಾಕಿ ಬುಕಿತ್‌ನ ಒಬ್ಬ ಕಂಟ್ರಾಕ್ಟರ್ ಹತ್ತಿರ ಸೇರಿಸಿದಳು. ಹೊಸ ಮನೆಗಳಿಗೆ ಗೀಸರ್ ಕೂರಿಸುವ ಕೆಲಸ.

ನಮ್ಮ ಮೇಸ್ತ್ರಿ ಒಬ್ಬ ಚೀನೀ ಮುದುಕ. ಎಲ್ಲರೂ ಅಂಕಲ್ ಎನ್ನುತ್ತಿದ್ದೆವು. ನೀರು ಕಾದರೆ ಉಬ್ಬುತ್ತದೆ, ಉಬ್ಬಿದ್ದು ಹೊರಗೆ ಹೋಗಲು ಗೀಸರಿನ ಪಕ್ಕದಲ್ಲಿ ಒಂದು ಸೇಫ್ಟಿ ವಾಲ್ವ್ ಇರುತ್ತದೆ, ಕಾಯುವಾಗ ನಾಲ್ಕು ಹನಿ ಬಿದ್ದರೆ ತಪ್ಪಿಲ್ಲ ಎಂದು ಅವನೇ ಕಲಿಸಿದ್ದು. ಬಿಡದೆ ತೊಟ್ಟಿಕ್ಕಿದರೆ ಸ್ವಿಚ್ ಆರಿಸಿ ಕಾದು ನೋಡಬೇಕು. ತಣ್ಣಗಾದ ಮೇಲೂ ಹನಿ ನಿಲ್ಲದಿದ್ದರೆ ವಾಲ್ವಿನಲ್ಲಿ ಕಸ ಕೂತಿದೆ, ಇಲ್ಲವೇ ನೀರಿನ ಒತ್ತಡ ಜಾಸ್ತಿ ಇದೆ. ನಿಂತುಬಿಟ್ಟರೆ ಬಿಸಿಯೇ ಮಿತಿ ಮೀರುತ್ತಿದೆ, ನೀರು ಕಾದ ಮೇಲೆ ಕರೆಂಟು ಕಡಿಯುವ ಥರ್ಮೋಸ್ಟಾಟ್ ಕೆಟ್ಟಿದೆ. ಇಷ್ಟು ಹೇಳಿ ಬೆರಳೆತ್ತಿ, ಮಾತಿಗೊಂದು 'ಲಾ' ಸೇರಿಸುವ ಸಿಂಗಾಪುರದ ಇಂಗ್ಲಿಷಿನಲ್ಲಿ ಮುಗಿಸುತ್ತಿದ್ದ: "ಡ್ರಿಪ್, ನೋ ಪ್ರಾಬ್ಲೆಮ್. ಯೂ ಕ್ಲೋಸ್, ಬಾಂಬ್ ಲಾ."

ಗೊತ್ತಿಲ್ಲದೆ ಮಾಡಿದೆ ಎಂದು ನಾನು ಹೇಳುವಂತಿಲ್ಲ.

ಎಂಟು ವರ್ಷದ ಹಿಂದಿನ ದೀಪಾವಳಿ. ನೀರು ತುಂಬುವ ಹಬ್ಬದ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಫ್ಲಾಟಿನಲ್ಲಿ ಹಂಡೆಯಿಲ್ಲ, ಬಚ್ಚಲ ಒಲೆಯಿಲ್ಲ. ಅಕ್ಕ ಗೀಸರಿಗೇ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಸುತ್ತಿ, ಕೆಳಗೆ ರಂಗೋಲಿ ಬಿಡಿಸುತ್ತಿದ್ದಳು. ವಾಲ್ವಿನ ಪೈಪಿನಿಂದ ನೀರು ತೊಟ್ಟಿಕ್ಕಿ ರಂಗೋಲಿ ಕದಡಿಹೋಗುತ್ತಿತ್ತು. ಎರಡು ಸಲ ಒರೆಸಿ ಮತ್ತೆ ಬಿಡಿಸಿದ್ದಳಂತೆ.

ಭಾವ ಸೋಫಾದ ಮೇಲಿಂದಲೇ ನಕ್ಕರು. "ನಿನ್ನ ತಮ್ಮ ಊರಿಗೆಲ್ಲ ಗೀಸರ್ ಹಾಕ್ತಾನೆ, ನಮ್ಮನೇದು ಸೋರ್ತಾನೇ ಇದೆ. ಮಂಡೇ ಸರ್ವಿಸ್‌ನವರನ್ನ ಬುಕ್ ಮಾಡ್ತೀನಿ, ಬಿಡು."

"ನನ್ ತಮ್ಮ ಇರೋವಾಗ ಅವ್ರ್ಯಾಕ್ರೀ?" ಎಂದಳು ಅಕ್ಕ.

ಅವಳು ಹಾಗೆ ಹೇಳಿದ ಮೇಲೆ — ಇಲ್ಲ, ಅವಳ ಮೇಲೆ ಹಾಕಬಾರದು. ಉಬ್ಬಿದವನು ನಾನು. ಸ್ವಿಚ್ ಆರಿಸಿ ಕಾದೆ. ಗೀಸರ್ ತಣ್ಣಗಾಯಿತು, ಹನಿ ನಿಂತಿತು. ಥರ್ಮೋಸ್ಟಾಟ್ ಎಂದು ತಿಳಿಯಿತು. ಬೇರೆಯದು ತರೋಣವೆಂದರೆ ಅಂಗಡಿಗೆ ರಜೆ. ನನ್ನ ಕೈಲಿ ಆಗಲಿಲ್ಲ ಎಂದು ಭಾವನ ಮುಂದೆ ಹೇಳಬೇಕಿತ್ತು. ಹೇಳಲಾಗದೆ ಚೀಲದಲ್ಲಿದ್ದ ಒಂದು ಹಿತ್ತಾಳೆ ಮುಚ್ಚಳವನ್ನು ಪೈಪಿನ ಬಾಯಿಗೆ ತಿರುಗಿಸಿ ಬಿಗಿದೆ. ಹತ್ತು ನಿಮಿಷ ಕಾಯಿಸಿ ಆರಿಸಿದರೆ ಏನಾಗುತ್ತದೆ, ಹಬ್ಬ ಕಳೆದ ಮೇಲೆ ಬಂದು ಸರಿಮಾಡಿದರಾಯಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. "ಆಯ್ತಕ್ಕ" ಎಂದೆ. ಅವಳು ಮೂರನೇ ಸಲ ರಂಗೋಲಿ ಬಿಡಿಸಿದಳು.

ರಾತ್ರಿ ಅಲ್ಲೇ ಉಳಿದೆ. ಮಾರನೆಯ ದಿನ ಬೆಳಿಗ್ಗೆ ಎಣ್ಣೆಸ್ನಾನ. ಎಣ್ಣೆಸ್ನಾನವೆಂದರೆ ಹತ್ತು ನಿಮಿಷದ ಮಾತಲ್ಲ — ಇದು ನನಗೆ ತಿಳಿಯದ್ದೇ? ಎಲ್ಲರ ನೆತ್ತಿಗೂ ಎಣ್ಣೆಯೊತ್ತಿ, ಮೈಗೆ ತಿಕ್ಕಿ, ಒಂದು ಗಂಟೆ ನೆನೆಯಲು ಬಿಡಬೇಕು. ಹಬ್ಬದ ನೀರು ಸುಡುಸುಡು ಇರಬೇಕೆಂದು ಅಕ್ಕ ಎದ್ದವಳೇ ಸ್ವಿಚ್ ಹಾಕಿದ್ದಳು. ಬಚ್ಚಲಿನ ಹೊರಗೋಡೆಯಲ್ಲಿ ಅದರ ಕೆಂಪು ದೀಪ. ಅದರ ಎದುರಿಗೇ ನಾನು ಮಣೆಯ ಮೇಲೆ ಕೂತಿದ್ದೆ. ಆರು ವರ್ಷದ ಅನು, ಅಕ್ಕನ ಮಗಳು, ನನ್ನ ತೊಡೆಗೆ ಒರಗಿದ್ದಳು. ಅಕ್ಕ ನನ್ನ ನೆತ್ತಿ ತಟ್ಟುತ್ತ ಹಾಡಿನಂತೆ ಏನೋ ಗುನುಗುತ್ತಿದ್ದಳು. ನನ್ನ ಕಣ್ಣು ದೀಪದ ಮೇಲೆಯೇ ಇತ್ತು. ಈಗ ಹೇಳುತ್ತೇನೆ, ಈಗ — ಭಾವ ಅಲ್ಲೇ ಪೇಪರ್ ಓದುತ್ತಿದ್ದರು. ಸುಮ್ಮನೆ ಎದ್ದು ಸ್ವಿಚ್ ಆರಿಸಿದ್ದರೂ ಸಾಕಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಕೂತೇ ಇದ್ದೆ.

ಮೊದಲ ಸ್ನಾನ ನನ್ನದಾಗಬೇಕಿತ್ತು. ನೀರು ಹದ ಮಾಡಿ ಕರೆಯುತ್ತೇನೆ ಎಂದು ಅಕ್ಕ ಒಳಗೆ ಹೋದಳು. ಗೀಸರಿನ ಬುಡ ಕಿತ್ತುಬಂದ ಸದ್ದು ಮೊದಲು ಕೇಳಿತು. ಆಮೇಲೆ ಅವಳ ದನಿ.

ಬಲಗೈ, ಭುಜ, ಕುತ್ತಿಗೆಯ ಒಂದು ಮಗ್ಗುಲು. ಚರ್ಮ ಕಸಿ ಮಾಡಿದರು, ಜೀವ ಉಳಿಯಿತು. ಆ ಕೈಯ ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ.

ಇದಕ್ಕಿಂತ ಹೇಸಿಗೆಯದು ಇನ್ನೊಂದಿದೆ. ಭಾವ ಅಕ್ಕನೊಂದಿಗೆ ಆಂಬುಲೆನ್ಸ್ ಹತ್ತಿದರು, ಅನು ಪಕ್ಕದ ಮನೆಯ ಆಂಟಿಯ ಹತ್ತಿರ ಅಳುತ್ತಿದ್ದಳು. ನಾನು ಬಚ್ಚಲಿಗೆ ಹೋಗಿ, ಪೈಪಿನ ಬಾಯಿಂದ ಆ ಮುಚ್ಚಳವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಇನ್ನೂ ಬಿಸಿಯಿತ್ತು. ಗೀಸರ್ ಪರೀಕ್ಷಿಸಲು ಬಂದವರು ಥರ್ಮೋಸ್ಟಾಟ್ ಕೆಟ್ಟಿದೆ, ವಾಲ್ವೂ ಕೈಕೊಟ್ಟಿರಬೇಕು, ಅಷ್ಟು ಹೊತ್ತು ಸ್ವಿಚ್ ಹಾಕಿಡಬಾರದಿತ್ತು ಎಂದರು. ಕೊನೆಯ ಮಾತೊಂದೇ ಮನೆಯಲ್ಲಿ ಉಳಿಯಿತು. ಆಸ್ಪತ್ರೆಯಲ್ಲಿ ಅಕ್ಕ ಬ್ಯಾಂಡೇಜಿನೊಳಗಿಂದ ನನ್ನನ್ನೇ ನೋಡಿ, "ಮೊದ್ಲು ನೀನೇ ಹೋಗೋನಿದ್ದೆಯಲ್ಲೋ ಒಳಗೆ. ನಿನಗೇನಾದ್ರೂ ಆಗಿದ್ರೆ... ಸ್ವಿಚ್ ಹಾಕಿಟ್ಟಿದ್ದು ನಂದೇ ತಪ್ಪು ಕಣೋ" ಎಂದಳು. ನಾನು ತಲೆಯಾಡಿಸಿದೆ. ಹೌದು ಎನ್ನುವ ಹಾಗೆ.

ಎಂಟು ವರ್ಷ ಅವಳು ಅದನ್ನು ಹೊತ್ತಳು. ಯಾರ ಮನೆಗೆ ಹೋದರೂ ಬಚ್ಚಲ ಗೋಡೆಯನ್ನೊಮ್ಮೆ ನೋಡಿ ಬರುತ್ತಿದ್ದಳು. ಮನೆ ಬೀಗ ಹಾಕಿ ಲಿಫ್ಟಿನವರೆಗೆ ಬಂದು ಮತ್ತೆ ವಾಪಸ್ಸು ಹೋಗುತ್ತಿದ್ದಳು. ಭಾವ ಕೆಟ್ಟವರಲ್ಲ, ಆದರೆ ಸಿಟ್ಟು ಬಂದಾಗ ಅದೇ ಮಾತು ಅವರ ಬಾಯಿಗೆ ಬರುತ್ತಿತ್ತು.

ಹೋದ ಭಾನುವಾರ ನಾಲ್ವರೂ ಊಟಕ್ಕೆ ಕೂತಿದ್ದೆವು. ಒಲೆಯ ಮೇಲೆ ಹಾಲು ಉಕ್ಕಿತು. ಅನುವಿಗೆ ಈಗ ಹದಿನಾಲ್ಕು. ತಟ್ಟೆಯಿಂದ ತಲೆಯೆತ್ತದೆ, "ಅಮ್ಮಾ, ಯು ಆಲ್ವೇಸ್ ಫರ್ಗೆಟ್ ಲಾ. ಗೀಸರ್ ಥರಾನೇ" ಎಂದಳು. ತಮಾಷೆಗೆ ಅಂದದ್ದು. ಅಕ್ಕನೂ ನಕ್ಕಳು — ನಗುತ್ತಲೇ ಆ ಬಲಗೈಯನ್ನು ಸೆರಗಿನ ಕೆಳಗೆ ಎಳೆದುಕೊಂಡಳು.

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. ಭಾವನ ಎದುರಿಗೆ, ಮಗುವಿನ ಎದುರಿಗೆ ಹೇಳಿದೆ.

"ಅಕ್ಕ, ಅದು ಸ್ವಿಚ್ಚಿಂದ ಆಗಿದ್ದಲ್ಲ. ಹಿಂದಿನ ದಿನ ನಾನು ವಾಲ್ವಿನ ಪೈಪು ಮುಚ್ಚಿದ್ದೆ. ಮುಚ್ಚಬಾರ್ದು ಅಂತ ಗೊತ್ತಿದ್ದೂ ಮುಚ್ಚಿದ್ದೆ. ನೀನು ಎಣ್ಣೆ ಹಚ್ತಿದ್ದಾಗ ದೀಪ ನೋಡ್ಕೊಂಡು ಸುಮ್ನೆ ಕೂತಿದ್ದೆ. ಆಮೇಲೆ ಮುಚ್ಚಳಾನೂ ಬಚ್ಚಿಟ್ಟೆ. ನೀನೇನೂ ಮರ್ತಿರ್ಲಿಲ್ಲ ಅಕ್ಕ. ತಪ್ಪು ನಂದು. ಎಲ್ಲಾನೂ ನಂದೇ. ತಪ್ಪಾಯ್ತು ಅಕ್ಕ."