ಒದ್ದೆಯಾಗದ ಬಸಿ

ಅವಳ ಮುತ್ತಜ್ಜ ಸೇತುವೆ ಕಟ್ಟುವಾಗ ಕಲ್ಲು ಹೊತ್ತವನು. ಹೊಳೆಗೆ ಅಡ್ಡ ಹಾಸಿದ ಒಂಟಿ ಹಲಗೆಯ ಮೇಲೆ ಹೆಗಲ ತುಂಬ ಕಲ್ಲಿಟ್ಟುಕೊಂಡು ನಡೆದವನು, ಒಂದನ್ನೂ ನೀರಿಗೆ ಬಿಟ್ಟವನಲ್ಲ. ಅಜ್ಜಿ, ನಲ್ಲಿ ಬರುವ ಮುಂಚೆ ಮೂರಂತಸ್ತಿನ ಮನೆಗಳಿಗೆ ನೀರು ಹೊತ್ತವಳು. ಮೆಟ್ಟಿಲ ಮೇಲೆ ಒಂದು ಹನಿ ತೋರಿಸಿದವರಿಗೆ ಒಂದು ಕೊಡ ಪುಕ್ಕಟೆ ಎಂದು ಪಂಥ ಕಟ್ಟಿದ್ದಳಂತೆ. ಆ ಕೊಡ ಕೊನೆಗೂ ಯಾರಿಗೂ ದಕ್ಕಲಿಲ್ಲ. ಅಪ್ಪ ಕಿಟಕಿಗಾಜು ಹೊರುತ್ತಿದ್ದ. ಆಳೆತ್ತರದ ಗಾಜನ್ನು ಬೆನ್ನಿಗೆ ಕಟ್ಟಿಕೊಂಡು ಪೇಟೆಯ ಜನಜಂಗುಳಿಯಲ್ಲಿ ಮೀನಿನ ಹಾಗೆ ನುಸುಳುತ್ತಿದ್ದ. ಹಿಂದೆ ನಡೆಯುತ್ತಿದ್ದವರಿಗೆ ಅದರಲ್ಲಿ ತಮ್ಮ ಮುಖವೇ ಕಂಡು, ಕೆಲವರು ತಲೆ ಬಾಚಿಕೊಂಡದ್ದೂ ಉಂಟು.

ಇಂಥವರ ಮನೆಯ ಹೆಣ್ಣುಮಗಳು ಮಹಾನಗರದ ಹದಿನಾಲ್ಕು ಮೇಜಿನ ಕೆಫೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಟ್ರೇ ಹೊರುತ್ತಿದ್ದಳು. ಹೆತ್ತವರು ಇಟ್ಟ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಟ್ರೇಯಕ್ಕ. ಎಡಗೈಯ ಐದು ಬೆರಳು ಅರಳಿಸಿ, ಕಿವಿಯ ಮಟ್ಟಕ್ಕೆ ಟ್ರೇ ಎತ್ತಿಕೊಂಡು, ಕುರ್ಚಿಗಳ ಸಂದಿಯಲ್ಲಿ ಸೊಂಟ ತಿರುಗಿಸಿ ಹೊರಟಳೆಂದರೆ ಎಂಟು ಕಪ್ಪಿನ ಕಾಫಿಯಲ್ಲಿ ತೊಟ್ಟೂ ಕೆಳಗಿನ ಬಸಿಗೆ ಇಳಿಯುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಮನೆಯಲ್ಲಿ ಬಲ್ಬು ಹಾಕಲು ಸ್ಟೂಲು ಹತ್ತಿ ಬಿದ್ದಳು. ಮುರಿದದ್ದು ಎಡ ಮಣಿಕಟ್ಟೇ. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ಮೂಳೆ ಕೂಡಿದೆ ಎಂದರು. ಕೈ ಮಾತ್ರ ಬೇರೆಯವರದ್ದೇನೋ ಎಂಬಂತೆ ನಡುಗುತ್ತಿತ್ತು.

ಮತ್ತೆ ಕೆಲಸಕ್ಕೆ ಬಂದ ದಿನ ಬೆಳಿಗ್ಗೆಯೇ ಯಜಮಾನಿ ಪಕ್ಕಕ್ಕೆ ಕರೆದಳು. ಕೆಟ್ಟವಳಲ್ಲ, ಕರುಳುಳ್ಳವಳೇ.

“ಮಧ್ಯಾಹ್ನದ ಗದ್ದಲ ಮುಗಿಯೋವರೆಗೂ ನೋಡೋಣ ಅಕ್ಕಾ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ಬಾಗಿಲ ಹತ್ತಿರ ಕುರ್ಚಿ ಹಾಕಿಸ್ತೀನಿ. ಬಂದವರಿಗೆ ಮೆನು ಕೊಡ್ತಾ ಕೂತಿರಿ. ಸಂಬಳ ಅದೇ.”

ಆ ಕುರ್ಚಿ ಆಗಲೇ ಬಂದು ನಿಂತಿತ್ತು. ಹಿಂದಕ್ಕೆ ಒಂದು ದಿಂಬು ಬೇರೆ. ಟ್ರೇಯಕ್ಕ ಅದಕ್ಕೆ ಬೆನ್ನು ತಿರುಗಿಸಿ ನಿಂತಳು. ಕಲ್ಲು, ನೀರು, ಗಾಜು ಹೊತ್ತವರ ಮಗಳು ಕೊನೆಗೆ ಕಾಗದ ಹಂಚುತ್ತ ಕೂರುವುದೇ?

ಬೆಳಗಿನಿಂದ ಎರಡೂ ಕೈಯಲ್ಲಿ ಟ್ರೇ ಹಿಡಿದು, ಕಪ್ಪಿನ ಮೇಲೆ ನೆಟ್ಟ ಕಣ್ಣು ಕೀಳದೆ, ಕಳ್ಳಹೆಜ್ಜೆ ಇಟ್ಟು ನಡೆದಳು. ಆದರೂ ಮೊದಲ ಮೇಜಿಗೆ ಹೋಗುವಷ್ಟರಲ್ಲಿ ಬಸಿಯೆಲ್ಲ ಕಾಫಿ. ಎರಡನೆಯದಕ್ಕೂ ಅದೇ ಗತಿ. ಮೂರನೆಯ ಸಲ, ತಾನು ಜನ್ಮದಲ್ಲಿ ಮಾಡದ ಕೆಲಸ ಮಾಡಿದಳು: ಚೆಲ್ಲಿದ್ದು ಕಾಣದಿರಲೆಂದು ಪ್ರತಿ ಕಪ್ಪಿನ ಕೆಳಗೂ ಒಂದು ಕಾಗದದ ಕರವಸ್ತ್ರ ಮಡಚಿಟ್ಟಳು.

ಅಡುಗೆಯವನು ಕಿಂಡಿಯಿಂದ ಇಣುಕಿದ. ಇಪ್ಪತ್ತು ವರ್ಷದ ಜೊತೆಗಾರ, ಬಾಯಿ ಸುಮ್ಮನಿರುವ ಜಾತಿಯಲ್ಲ.

“ಏನಕ್ಕಾ, ಕಪ್ಪಿಗೂ ಹಾಸಿಗೆ ಹಾಸ್ತಿದ್ದೀಯಾ? ಜೋಗುಳನೂ ಹಾಡ್ಬಿಡು.”

“ನಿನ್ನ ಸೂಪಿಗೆ ಉಪ್ಪು ಹಾಕು ಹೋಗಣ್ಣಾ, ಸಪ್ಪೆ ಅಂತ ಎರಡು ಮೇಜು ಬೈತಿದ್ದಾರೆ” ಎಂದಳು. ಆದರೆ ಮುಖ ಬಾಡಿತ್ತು.

ಮಧ್ಯಾಹ್ನ ಒಂದಕ್ಕೆ ಗದ್ದಲ ಏರಿತು. ಕಿಟಕಿ ಪಕ್ಕದ ಮೇಜಿಗೆ ಆರು ಕಾಫಿ, ಆರರ ಕೆಳಗೂ ಕರವಸ್ತ್ರ. ಅಲ್ಲಿ ಗೆಳೆಯರೊಂದಿಗೆ ಕೂತವನು ಹಳೆಯ ಗಿರಾಕಿ, ಕೆಲಸ ಬಿಟ್ಟ ಮುದಿ ದರ್ಜಿ. ಯಜಮಾನಿ ಗಲ್ಲಾದಿಂದ ನೋಡುತ್ತಿದ್ದಾಳೆ. ಟ್ರೇಯಕ್ಕ ಎರಡೂ ಕೈಯಲ್ಲಿ ಟ್ರೇ ಬಿಗಿಯಾಗಿ ಹಿಡಿದು ಹೊರಟಳು. ನಾಲ್ಕು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ದರ್ಜಿ ಅಲ್ಲಿಂದಲೇ ಕೂಗು ಹಾಕಿದ:

“ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ದಿನ? ನಿನ್ನ ಬದಲು ಬಂದವನು ನನ್ನ ಕಾಫಿಗೆ ಸಕ್ಕರೆ ಹಾಕಿ ಹಾಕಿ ಕೊಲ್ಲೋಕೇ ನೋಡ್ದ!”

ಅವಳು ಸರಕ್ಕನೆ ತಲೆಯೆತ್ತಿದಳು. “ಸಾಯ್ಲಿಲ್ವಲ್ಲ ತಾತಾ! ನೀವು ಅಷ್ಟು ಸುಲಭಕ್ಕೆ ಹೋಗೋ ಗಿರಾಕಿನಾ?”

“ನಿನ್ನ ಕೈಯಿಂದ ಒಂದು ಕಪ್ಪು ಕುಡ್ದೇ ಹೋಗೋಣ ಅಂತ ಜೀವ ಹಿಡ್ಕೊಂಡಿದ್ದೆ.”

“ಹಾಗಾದ್ರೆ ನಾನು ಕೊಡೋದೇ ಇಲ್ಲ. ಆ ಪಾಪ ನನಗ್ಯಾಕೆ? ಆ ಕಾಲು ಒಳಗೆಳ್ಕೊಳ್ಳಿ, ದಾರೀಲಿ ಚಾಚ್ಕೊಂಡು ಕೂತಿದ್ದೀರಿ ಮಹಾರಾಜರ ಹಾಗೆ!”

ಮೇಜಿನವರೆಲ್ಲ ಗೊಳ್ಳೆಂದರು. ಜಗಳ ಮುಗಿಯುವಷ್ಟರಲ್ಲಿ ಅವಳು ಮೇಜಿನ ಬಳಿ ನಿಂತಿದ್ದಳು. ಟ್ರೇ ಕಿವಿಯ ಮಟ್ಟದಲ್ಲಿತ್ತು, ಎಡಗೈ ಒಂದರ ಮೇಲೆ. ಬಲಗೈ ಯಾವ ಗಳಿಗೆಯಲ್ಲಿ ಕೆಳಗಿಳಿಯಿತೋ ಅವಳಿಗೇ ತಿಳಿಯದು. ಅದೀಗ ದರ್ಜಿಯ ಕಡೆ ಬೆರಳು ತೋರಿಸಿ ಗದರುತ್ತಿತ್ತು. ಕಪ್ಪುಗಳನ್ನು ಇಳಿಸುತ್ತ ಒಂದೊಂದರ ಕೆಳಗಿನ ಕರವಸ್ತ್ರ ಎಳೆದು ನೋಡಿದಳು. ಆರೂ ಒಣಒಣ. ಗರಿಗರಿ.

ಆಗ ಅಪ್ಪನ ಮಾತು ನೆನಪಾಯಿತು. ಚಿಕ್ಕವಳಿದ್ದಾಗ, ಬೆನ್ನ ಮೇಲಿನ ಗಾಜು ನಿನಗೆ ಕಾಣೋದೇ ಇಲ್ಲವಲ್ಲ, ಒಡೆಯೋದಿಲ್ಲವಾ ಎಂದು ಕೇಳಿದ್ದಳು. “ಕಾಣೋದಿಲ್ಲ ಅಂತಲೇ ಒಡೆಯೋದಿಲ್ಲ ಮಗಾ. ಕಂಡಿದ್ರೆ ಹೆದರಿಕೊಂಡು ಬಿಡ್ತಿದ್ದೆ” ಎಂದಿದ್ದ. ಕೈ ಕೆಟ್ಟಿರಲಿಲ್ಲ. ಕೆಟ್ಟದ್ದು ಕಣ್ಣು. ಬೆಳಗಿನಿಂದ ಕಪ್ಪನ್ನೇ ಕಾದು ಕಾದು ತಾನೇ ಚೆಲ್ಲಿದ್ದಳು.

ಹಾಲು ಕುಡಿದಷ್ಟು ಸಮಾಧಾನವಾಯಿತು. ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತೆ ಉಸಿರು ಕೆಳಗಿಳಿಯಿತು. ಆರೂ ಕರವಸ್ತ್ರ ಸೊಂಟದ ಜೇಬಿಗೆ ತುರುಕಿ, ದರ್ಜಿಗೆ ಕಾಣದ ಹಾಗೆ ಕಣ್ಣು ಒರೆಸಿಕೊಂಡಳು. ಅವನಿಗೆ ಕಂಡಿತ್ತು. ಚಾಚಿದ್ದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡ.

ಅಡುಗೆಮನೆಯ ಕಿಂಡಿಯಲ್ಲಿ ಏಳು ಬಟ್ಟಲು ಸೂಪು, ಬ್ರೆಡ್ಡಿನ ಬುಟ್ಟಿ ಸಿದ್ಧವಾಗಿದ್ದವು. ಟ್ರೇಯಕ್ಕ ಎಲ್ಲವನ್ನೂ ಒಂದೇ ಟ್ರೇಯಲ್ಲಿ ಜೋಡಿಸಿದಳು. ಯಜಮಾನಿ ಗಲ್ಲಾ ಬಿಟ್ಟು ಓಡಿಬಂದು ಟ್ರೇಯ ಅಂಚಿಗೆ ಕೈ ಹಾಕಿದಳು.

“ಅಯ್ಯೋ, ಏಳು ಬಟ್ಟಲಾ? ಇರಿ ಅಕ್ಕಾ, ಈ ಕಡೆ ನಾನು ಹಿಡ್ಕೋತೀನಿ.”

ಟ್ರೇಯಕ್ಕ ಅದನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿ ಕಿವಿಯ ಮಟ್ಟಕ್ಕೆ ಎತ್ತಿದಳು.

“ಬೇಡಮ್ಮಾ, ಕೈ ತೆಗೀರಿ. ಬೆಳಿಗ್ಗೆಯಿಂದ ನಿಂತೇ ಇದ್ದೀರಿ, ನಿಮಗೇ ಕಾಲು ನೋಯ್ತಿರ್ಬೇಕು. ಬಾಗಿಲ ಹತ್ರ ಒಳ್ಳೇ ಕುರ್ಚಿ ಇದೆ, ದಿಂಬೂ ಇದೆ. ಹೋಗಿ ಕೂತ್ಕೊಳ್ಳಿ. ನನಗೆ ದಾರಿ ಒಂದು ಬಿಟ್ಟುಕೊಡಿ, ಸಾಕು.”