ಸೋವಿಯಾಗುವ ತನಕ

ಭಾಲ್ಕಿಯ ಭಾಲಚಂದ್ರರಾಯರು ಎಂಟು ವರ್ಷಗಳಿಂದ ಸರಕಾರಿ ಸಾಲಪತ್ರಗಳ ಫಂಡು ಕೊಳ್ಳುತ್ತಲೇ ಇದ್ದಾರೆ, ಇನ್ನೂ ಕೊಂಡಿಲ್ಲ. ಸಾಲಪತ್ರದ ಬಡ್ಡಿ ಬೆಲೆಯೇರಿಕೆಗಿಂತ ನೂರಕ್ಕೆ ಮೂರು ಟಕ್ಕೆ ಮೇಲಿದ್ದರೆ ಫಂಡು ಸೋವಿ, ಇಲ್ಲದಿದ್ದರೆ ತುಟ್ಟಿ ಎಂಬುದು ಅವರ ಸೂತ್ರ. ಬೆಲೆಯೇರಿಕೆಯ ಸರಕಾರಿ ಲೆಕ್ಕವನ್ನು ಅವರು ಸುತರಾಂ ನಂಬುವುದಿಲ್ಲ. “ಅವರೇನ್ ಸಂತಿಗಿ ಹೋಗ್ತಾರೇನ್ರಿ?” ಎಂದು, ಹೆಂಡತಿ ಅಂಬೂಬಾಯಿ ಬಜಾರಿನಿಂದ ತಂದು ಹೇಳುವ ತೊಗರಿಬೇಳೆಯ ದರವನ್ನಷ್ಟೇ ಹಿಡಿಯುತ್ತಾರೆ. ಬದನೆಕಾಯಿಗೆ ಒಂದು ದರ ಕೇಳಿ ಬೆನ್ನು ತಿರುಗಿಸಿ ನಡೆದರೆ, ಮಾರುವವಳು “ಬರ್ರಿ ಕಾಕಾ, ಒಯ್ರಿ” ಎಂದು ಕರೆಯುವ ಊರು ಇದು. ರಾಯರು ಫಂಡಿಗೂ ಹಾಗೆಯೇ ಮಾಡುತ್ತಾರೆ: ಮುಂಜಾನೆ ಮೊಬೈಲಿನಲ್ಲಿ ದರ ನೋಡಿ, “ಬ್ಯಾಡ್ರಿ” ಎಂದು ಅದನ್ನು ಬೋರಲು ಹಾಕಿ, ಸರಕಾರ ಹಿಂದಿನಿಂದ ಕೂಗೀತೆಂದು ನಿಧಾನವಾಗಿ ಚಹಾದ ಅಂಗಡಿಗೆ ನಡೆಯುತ್ತಾರೆ. ಪತ್ರಗಳ ಅವಧಿ ಮೂವತ್ತು ವರ್ಷ, ನಿಮಗೀಗ ಎಪ್ಪತ್ತೆಂಟು ಎಂದು ಯಾರಾದರೂ ನೆನಪಿಸಿದರೆ, “ಅವಸರ ಯಾರಿಗದರಿ?” ಎನ್ನುತ್ತಾರೆ. ಬೀದರಿನಲ್ಲಿ ಹೃದಯದ ಆಪರೇಶನ್ನಿಗೆ ಒಳಗೆ ಒಯ್ಯುವಾಗಲೂ ಡಾಕ್ಟರಿಗೆ, “ಫಂಡ್ ಇನ್ನೂ ತುಟ್ಟಿ ಅದರಿ, ಸೋವಿ ಆಗೋತನಾ ನಾ ಎಲ್ಲಿಗೂ ಹೋಗೂದಿಲ್ಲ” ಎಂದು ತಾಕೀತು ಮಾಡಿದ್ದರು, ಹೋಗಲೂ ಇಲ್ಲ. ಕಳೆದ ತಿಂಗಳು ಬಡ್ಡಿ ಏರಿತು, ಬೇಳೆ ಇಳಿಯಿತು, ರಾಯರ ಸೂತ್ರ ಕೊನೆಗೂ ಕೂಡಿಬಂತು. ಪಕ್ಕದ ಮನೆಯವನಾದ ನಾನು ಹೇಳಲು ಓಡಿದೆ. ಅಂಬೂಬಾಯಿ ಬಾಗಿಲಲ್ಲೇ ತಡೆದರು: “ಸುಮ್ನಿರಪ್ಪಾ! ಬ್ಯಾಳಿ ಇಳದದ್ದು ನಾ ಅವರಿಗಿ ಹೇಳಿಲ್ಲ. ಕೊಂಡುಬಿಟ್ರಂದ್ರ, ನಾಳಿ ಮುಂಜಾನಿ ಯಾತಕ್ಕ ಏಳ್ತಾರ?”