ಅಜ್ಜೀಪುರದ ಒಂದು ಬಿಂದಿಗೆ ನೀರು

ಓದು ಬಿಟ್ಟವನ ಕೈಯಲ್ಲಿ ಬರೆಸುತ್ತಾರೆ ನೋಡಿ. ಬಾಯಲ್ಲಿ ಕೇಳಿದರೆ ಮ್ಯಾರಥಾನ್ ಕಮಿಟಿಯವರು "ಬರ್ದು ಕೊಡಿ" ಅಂದರು. ಬರೆದಿದ್ದೇನೆ, ಊರೆಲ್ಲ ಓದಲಿ.

ಇವತ್ತು ರಾಮಾಪುರದಿಂದ ಕೊಳ್ಳೇಗಾಲಕ್ಕೆ ಓಟ. ರೇಷ್ಮೆ ನೂಲು ತೆಗೆಯುವ ನನ್ನ ಮಗ ಮಾದೇಶನೂ ಓಡಿದ. ನಾನು ಗಾಡಿಯಲ್ಲಿ ಹಿಂದೆ ಬಂದೆ. ಅಜ್ಜೀಪುರದಲ್ಲಿ ಒಬ್ಬ ಅಜ್ಜಿ ಬಿಂದಿಗೆ ಹಿಡಿದು ಅವನನ್ನು ಅಡ್ಡಗಟ್ಟಿದಳು. "ನಿಂತ್ಕ ಮಗಾ, ಬೆಟ್ಟದ ದಾರೀಲಿ ಬರೋರ ಕಾಲ್ಗೆ ನೀರಾಕ್ದೆ ಬುಟ್ಟವಾ?" ಹರಕೆ ಹೊತ್ತು ಬೆಟ್ಟಕ್ಕೆ ನಡೆಯುವವರ ಕಾಲಿಗೆ ನೀರು ಹಾಕುವುದು ನಮ್ಮ ಕಡೆಯ ವಾಡಿಕೆ; ಬೇಡ ಅನ್ನಲಾಗದೆ ನಿಂತ. ಒದ್ದೆ ಶೂನಲ್ಲೇ ಮತ್ತೆ ಓಡಿದ.

ಸೈಕಲ್ ರೇಸನ್ನೇ ಕಸುಬು ಮಾಡಿಕೊಂಡ ಹುಡುಗನೊಬ್ಬ ಹನೂರಿನವರೆಗೆ ಎಲ್ಲರಿಗಿಂತ ಮುಂದಿದ್ದ. ಆಮೇಲೆ ರಸ್ತೆ ಬದಿಯಲ್ಲಿ ಕುಸಿದು ಕೂತ. "ಉಸ್ರು ಐತೆ ಸಾ, ಕಾಲೇ ಬತ್ತಿಲ್ಲ" ಅಂದ. ಪೆಡಲ್ ತುಳಿದು ಪಳಗಿದ ಕಾಲಿಗೆ ನೆಲದ ಪೆಟ್ಟು ಹೊಸದು. ಕಮಿಟಿಯವರೇ ಮೀನಖಂಡ ಉಜ್ಜಿ, ಎತ್ತಿ ನಿಲ್ಲಿಸಿದರು. ಅಷ್ಟರಲ್ಲಿ ಮಾದೇಶ ಅವನನ್ನು ದಾಟಿದ; ಕೊಳ್ಳೇಗಾಲದಲ್ಲಿ ಮೂರನೆಯವನಾಗಿ ಗೆರೆ ಮುಟ್ಟಿದ.

"ದಾರೀಲಿ ಹೊರಗಿನವರ ಸಹಾಯ ತಗಂಡವ್ನೆ, ಲೆಕ್ಕಕ್ಕಿಲ್ಲ" ಎಂದು ಕಮಿಟಿಯವರು ಅಜ್ಜಿಯ ನೀರಿನ ನೆಪದಲ್ಲಿ ಮಾದೇಶನನ್ನು ಕೈಬಿಟ್ಟರು. ಮೂರನೆಯ ಪದಕ ಹಿಂದೆ ಬಂದ ಸೈಕಲ್ ಹುಡುಗನ ಕೊರಳಿಗೆ.

"ಅವ್ನ ಕಾಲ್ ಉಜ್ಜಿದ್ದು ಸಹಾಯ ಅಲ್ವೇನ್ಲಾ?" ಅಂದೆ ಕಮಿಟಿಯವನೊಬ್ಬನಿಗೆ.

"ಅದು ಚಿಕಿತ್ಸೆ, ಯಜಮಾನ್ರೇ."

"ಅಣ್ಣ ನನ್ಗಿಂತ ಮುಂದೆ ಬಂದವ್ರೆ" ಎಂದು ಆ ಹುಡುಗನೇ ಹೇಳಿದ. ಫೋಟೋ ತೆಗೆಯುವವರ ಗಲಾಟೆಯಲ್ಲಿ ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮಾದೇಶ ಜಗಲಿಯಲ್ಲಿ ಕೂತಿದ್ದಾನೆ. ಶೂ ಇನ್ನೂ ಬಿಚ್ಚಿಲ್ಲ. ಆ ಅಜ್ಜಿಗೆ ಈ ವಿಷಯ ಹೇಳಬೇಡ ಅನ್ನುತ್ತಾನೆ.

ಕಮಿಟಿಯವರೇ, ಬೆಟ್ಟಕ್ಕೆ ನಡೆಯುವವರ ಕಾಲಿಗೂ ಇನ್ನು ನಿಮ್ಮನ್ನು ಕೇಳಿಯೇ ನೀರು ಹಾಕಬೇಕೇನೋ. ಮೂರನೆಯವನು ಯಾರು? ಬರುವ ಹದಿನೈದನೇ ತಾರೀಖಿನೊಳಗೆ ಉತ್ತರ ಕೊಡಿ.